ಅರಮನೆಯ ಟೆನಿಸ್ ಅಂಕಣದಿಂದ ಊರಿನ ಮೈದಾನಕ್ಕೆ: ಕೇರಳ ಕ್ರೀಡೆಯ ಪಿತಾಮಹ ಜಿ.ವಿ. ರಾಜ

ತಿರುವನಂತಪುರ: ಅಕ್ಟೋಬರ್ 13 ಬಂತೆಂದರೆ ಕೇರಳದಲ್ಲಿ ಕ್ರೀಡಾ ದಿನದ ಸಂಭ್ರಮ. ಆ ದಿನ ಹುಟ್ಟಿದ ವ್ಯಕ್ತಿ ಒಲಿಂಪಿಕ್ಸ್ ಪದಕ ಗೆದ್ದವರಲ್ಲ, ವಿಂಬಲ್ಡನ್‌ನಲ್ಲಿ ಆಡಿದವರೂ ಅಲ್ಲ. ಆದರೂ ಮಲಯಾಳಿಗಳು ಅವರನ್ನು ಕೇರಳ ಕ್ರೀಡೆಯ ಪಿತಾಮಹ ಎಂದೇ ಕರೆಯುತ್ತಾರೆ. ಅವರೇ ಲೆಫ್ಟಿನೆಂಟ್ ಕರ್ನಲ್ ಗೋದವರ್ಮ ರಾಜ, ಜನರ ಬಾಯಲ್ಲಿ ಜಿ.ವಿ. ರಾಜ.

ಅರಮನೆಯ ಅಳಿಯ

ಜಿ.ವಿ. ರಾಜ ಹುಟ್ಟಿದ್ದು 1908ರಲ್ಲಿ, ಈಗಿನ ಕೊಟ್ಟಾಯಂ ಜಿಲ್ಲೆಯ ಪೂಂಜಾರ್ ರಾಜಮನೆತನದಲ್ಲಿ. 1934ರಲ್ಲಿ ತಿರುವಾಂಕೂರಿನ ಮಹಾರಾಜ ಶ್ರೀ ಚಿತ್ತಿರ ತಿರುನಾಳ್ ಅವರ ತಂಗಿ ಕಾರ್ತಿಕ ತಿರುನಾಳ್ ಲಕ್ಷ್ಮೀಬಾಯಿ ಅವರನ್ನು ಮದುವೆಯಾದರು.

ನಮ್ಮ ಕರಾವಳಿಯ ಅಳಿಯಸಂತಾನ ಪದ್ಧತಿಯಂತೆ ತಿರುವಾಂಕೂರಿನಲ್ಲೂ ಪಟ್ಟ ಸಿಗುವುದು ಸೋದರಳಿಯನಿಗೆ. ಹೀಗಾಗಿ ರಾಜಕುಮಾರಿಯ ಗಂಡನಿಗೆ ಗೌರವವಿತ್ತು, ಆದರೆ ಆಳುವ ಹಕ್ಕಿರಲಿಲ್ಲ. ಹಾಯಾಗಿ ಅರಮನೆಯಲ್ಲಿ ಕಾಲ ಕಳೆಯಬಹುದಿತ್ತು. ಅವರು ಆರಿಸಿಕೊಂಡದ್ದು ಮೈದಾನವನ್ನು.

ವಿಮಾನ ಹಾರಿಸುವುದೆಂದರೆ ಅವರಿಗೆ ಪ್ರಾಣ. 1935ರ ನವೆಂಬರ್ 1ರಂದು ಟಾಟಾ ಏರ್‌ಲೈನ್ಸ್‌ನ ವಿಮಾನ ತಿರುವನಂತಪುರದಲ್ಲಿ ಇಳಿಯಿತು. ಅಲ್ಲಿ ವಿಮಾನ ನಿಲ್ದಾಣ ತಲೆಯೆತ್ತುವುದರ ಹಿಂದೆ ಇವರ ಪರಿಶ್ರಮವಿತ್ತು.

1938: ಟೆನಿಸ್‌ಗೊಂದು ನೆಲೆ

1877ರಲ್ಲಿ ವಿಂಬಲ್ಡನ್ ಟೂರ್ನಿ ಶುರುವಾದ ಮೇಲೆ ಟೆನಿಸ್ ಬ್ರಿಟಿಷರ ಜೊತೆ ಲೋಕವೆಲ್ಲ ಸುತ್ತಿತು. ಭಾರತದಲ್ಲಿ ಅದು ಅಧಿಕಾರಿಗಳು, ಅರಸರು, ಸಿರಿವಂತರ ಆಟವಾಗಿಯೇ ಉಳಿದಿತ್ತು. ಸ್ವತಃ ಟೆನಿಸ್ ಪ್ರೇಮಿಯಾಗಿದ್ದ ಜಿ.ವಿ. ರಾಜ 1938ರಲ್ಲಿ ಟ್ರಿವೇಂಡ್ರಮ್ ಟೆನಿಸ್ ಕ್ಲಬ್ ಕಟ್ಟಿದರು. ಕೇರಳದ ಟೆನಿಸ್‌ಗೆ ಅದು ದೊಡ್ಡ ತಿರುವು.

ಅದರ ಹಿಂದಿನ ವರ್ಷವಷ್ಟೇ, ಆಗ ತಿರುವಾಂಕೂರಿಗೆ ಸೇರಿದ್ದ ನಾಗರಕೋಯಿಲ್‌ನಲ್ಲಿ ರಾಮನಾಥನ್ ಕೃಷ್ಣನ್ ಹುಟ್ಟಿದ್ದರು. 1954ರಲ್ಲಿ ವಿಂಬಲ್ಡನ್ ಜೂನಿಯರ್ ಪ್ರಶಸ್ತಿ ಗೆದ್ದ ಕೃಷ್ಣನ್, 1960 ಮತ್ತು 1961ರಲ್ಲಿ ಅಲ್ಲಿಯೇ ಸೆಮಿಫೈನಲ್ ತಲುಪಿದರು. ಟೆನಿಸ್ ಆಟಗಾರರಾಗಿದ್ದ ಅಪ್ಪನೇ ಅವರಿಗೆ ಗುರು. ಮನೆಯಲ್ಲಿ ಅಂಥ ಗುರುವಿಲ್ಲದ ಮಕ್ಕಳ ಗತಿಯೇನು? ಜಿ.ವಿ. ರಾಜ ಅವರ ಮುಂದಿನ ಬದುಕೆಲ್ಲ ಈ ಪ್ರಶ್ನೆಗೆ ಹುಡುಕಿದ ಉತ್ತರದಂತಿದೆ.

ರಾಜ್ಯ ಹೋಯಿತು, ಕೆಲಸ ನಿಲ್ಲಲಿಲ್ಲ

1949ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಒಂದಾದವು. ಅರಸರ ಆಳ್ವಿಕೆಯೂ ಮುಗಿಯಿತು. ಅರಮನೆಯ ಕೃಪೆಯಿಂದ ನಡೆಯುತ್ತಿದ್ದ ಆಟಗಳಿಗೆ ಇನ್ನು ದಿಕ್ಕು ಯಾರು ಎನ್ನುವ ಹೊತ್ತು ಅದು.

ಜಿ.ವಿ. ರಾಜ 1950ರಲ್ಲಿ ಕ್ರಿಕೆಟ್ ಸಂಸ್ಥೆಯ ಚುಕ್ಕಾಣಿ ಹಿಡಿದರು. 1951-52ರಲ್ಲಿ ತಿರುವಾಂಕೂರು-ಕೊಚ್ಚಿ ತಂಡ ರಣಜಿ ಟ್ರೋಫಿಗೆ ಕಾಲಿಟ್ಟಿತು. 1954ರಲ್ಲಿ ಅವರ ನೇತೃತ್ವದಲ್ಲಿ ಕ್ರೀಡಾ ಮಂಡಳಿ ಹುಟ್ಟಿತು. 1956ರಲ್ಲಿ ಕೇರಳ ರಾಜ್ಯ ರಚನೆಯಾದ ಮೇಲೆ ಅದೇ ಕೇರಳ ಕ್ರೀಡಾ ಮಂಡಳಿಯಾಯಿತು. ಕ್ಲಬ್‌ಗೆ ಸದಸ್ಯರೇ ಆಧಾರ. ಮಂಡಳಿ ಹಾಗಲ್ಲ, ಸರ್ಕಾರದ ನೆರವನ್ನು ಊರೂರಿನ ಆಟಗಾರರಿಗೆ ಮುಟ್ಟಿಸಬಲ್ಲದು. ಒಬ್ಬ ಅರಸನ ಒಲವಿನ ಮೇಲೆ ನಿಂತಿದ್ದ ಆಟ ಹೀಗೆ ಸಾರ್ವಜನಿಕ ಹೊಣೆಯಾಯಿತು. ಕೋವಳಂ ಕಡಲತೀರ ಪ್ರವಾಸಿಗರನ್ನು ಸೆಳೆಯಬಲ್ಲದು ಎಂದು ಮೊದಲೇ ಕಂಡವರಲ್ಲೂ ಅವರೊಬ್ಬರು.

ಆಕಾಶದಲ್ಲೇ ಅಂತ್ಯ

1971ರ ಏಪ್ರಿಲ್ 30ರಂದು ಹಿಮಾಚಲದ ಕುಲು ಕಣಿವೆಯಲ್ಲಿ ನಡೆದ ವಿಮಾನ ಅಪಘಾತ ಅವರನ್ನು ಬಲಿ ತೆಗೆದುಕೊಂಡಿತು. ಆಗ ಅವರಿಗೆ 62 ವರ್ಷ.

ಅವರು ಹಾಕಿಕೊಟ್ಟ ಹಾದಿ ಮುಚ್ಚಲಿಲ್ಲ. ತಿರುವನಂತಪುರದ ಕ್ರೀಡಾ ಶಾಲೆಗೆ ಅವರದೇ ಹೆಸರು ಬಂತು. 1976ರಲ್ಲಿ ಕಣ್ಣೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಕ್ರೀಡಾ ಶಾಲೆ ತೆರೆದಾಗ ಅಲ್ಲಿಗೆ ಸೇರಿದವರಲ್ಲಿ ಪಯ್ಯೋಳಿಯ ಬಡ ಕುಟುಂಬದ ಹುಡುಗಿಯೊಬ್ಬಳಿದ್ದಳು. ಅವಳೇ ಮುಂದೆ ದೇಶದ ಮನೆಮಾತಾದ ಪಿ.ಟಿ. ಉಷಾ.

ಕೇರಳದ ಅತ್ಯುತ್ತಮ ಕ್ರೀಡಾಪಟುಗಳಿಗೆ ಇಂದಿಗೂ ಸಿಗುವುದು ಜಿ.ವಿ. ರಾಜ ಪ್ರಶಸ್ತಿ. ಅದನ್ನು ಪಡೆಯುವ ಮಕ್ಕಳಲ್ಲಿ ಅರಮನೆ ಕಂಡವರು ಎಷ್ಟು ಮಂದಿಯೋ! ಅದನ್ನು ಕಾಣದವರಿಗೂ ಮೈದಾನ ದಕ್ಕಿತಲ್ಲ, ಅದೇ ಈ ಅರಮನೆಯ ಅಳಿಯ ಬಿಟ್ಟುಹೋದ ಆಸ್ತಿ.