ಸ್ವಾಮಿ ರಾಮಾನಂದ ತೀರ್ಥರೂ ಗಡಿನಾಡಿನ ಎರಡು ಹಬ್ಬಗಳೂ

ಹಿಂದಿನ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದ ಕನ್ನಡ ಸೀಮೆಗೆ ವರ್ಷದಲ್ಲಿ ಎರಡು ನಾಡಹಬ್ಬಗಳುಂಟು. ಸೆಪ್ಟೆಂಬರ 17 ವಿಮೋಚನೆಯ ದಿನ. ನವೆಂಬರ 1 ರಾಜ್ಯೋತ್ಸವದ ದಿನ. ಮೊದಲನೆಯದು 1948 ರಲ್ಲಿ ನಿಜಾಮರ ಆಳಿಕೆ ಕೊನೆಗೊಂಡುದರ ಸ್ಮರಣೆ. ಎರಡನೆಯದು 1956 ರಲ್ಲಿ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದು ರಾಜ್ಯದಲ್ಲಿ ಕೂಡಿದುದರ ಸ್ಮರಣೆ. ಗುರುಮಠಕಲ್ಲಿನಂಥ ಗಡಿಯ ಊರಿನಲ್ಲಿ ಈ ಎರಡೂ ಹಬ್ಬಗಳು ಪರೀಕ್ಷೆಗೆ ಒಳಗಾಗುವವು. ಅಲ್ಲಿಯ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುವವು. ತಾಂಡೆಗಳಲ್ಲಿ ಲಂಬಾಣಿ ನುಡಿಯುಂಟು. ತೆಲಂಗಾಣದ ನಾರಾಯಣಪೇಟೆಯೂ ಕೊಡಂಗಲ್ಲೂ ನೆರೆಯಲ್ಲಿಯೇ ಇರುವವು. ಇಂಥ ಊರಿನಲ್ಲಿ ನಾಡಹಬ್ಬವು ಯಾರ ಹಬ್ಬ? ಇದಕ್ಕೆ ಉತ್ತರವನ್ನು ವಾದದಲ್ಲಿ ಹುಡುಕುವದಕ್ಕಿಂತ ಒಬ್ಬ ಮಹನೀಯರ ಜೀವನದಲ್ಲಿ ಹುಡುಕುವದು ಮೇಲೆಂದು ನಾವು ಭಾವಿಸುತ್ತೇವೆ. ಅವರು ಸ್ವಾಮಿ ರಾಮಾನಂದ ತೀರ್ಥರು.

ಸ್ವಾಮಿಗಳ ಪೂರ್ವಾಶ್ರಮದ ಹೆಸರು ವೆಂಕಟರಾವ ಖೇಡಗೀಕರ. 1903 ನೆಯ ಇಸವಿಯ ಅಕ್ಟೋಬರ 3 ರಂದು ಕನ್ನಡ ನಾಡಿನ ಸಿಂದಗಿಯಲ್ಲಿ ಅವರ ಜನನವಾಯಿತು. ವಿದ್ಯಾಭ್ಯಾಸವು ಸೊಲ್ಲಾಪುರದಲ್ಲಿಯೂ ಮುಂದೆ ಮಹಾರಾಷ್ಟ್ರದ ರಾಷ್ಟ್ರೀಯ ಶಾಲೆಗಳಲ್ಲಿಯೂ ನಡೆಯಿತು. 1920 ರಲ್ಲಿ ಲೋಕಮಾನ್ಯ ತಿಲಕರು ಕಾಲವಾದಾಗ ಈ ತರುಣರು ಆಜನ್ಮ ಬ್ರಹ್ಮಚರ್ಯದ ಹಾಗೂ ದೇಶಸೇವೆಯ ವ್ರತವನ್ನು ಕೈಕೊಂಡರು. ಅಸಹಕಾರದ ಕರೆಗೆ ಓಗೊಟ್ಟು ಸರಕಾರಿ ಶಾಲೆಯನ್ನು ಬಿಟ್ಟರು. ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಉಚ್ಚ ಶಿಕ್ಷಣವನ್ನು ಮುಗಿಸಿದರು. ಬಳಿಕ ಕಾರ್ಮಿಕರ ಮುಂದಾಳುಗಳಾಗಿದ್ದ ನಾ. ಮ. ಜೋಶಿಯವರ ಕೈಕೆಳಗೆ ದುಡಿದು, ಬಡವರ ಬಾಳನ್ನು ಹತ್ತಿರದಿಂದ ಕಂಡರು. ದೇಹಾರೋಗ್ಯವು ಕೆಟ್ಟುದರಿಂದ ಆ ಕೆಲಸವನ್ನು ಬಿಡಬೇಕಾಯಿತು. ಅನಂತರ ಅವರು ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಿಯಲ್ಲಿದ್ದ ರಾಷ್ಟ್ರೀಯ ಶಾಲೆಗೆ ಬಂದು ಶಿಕ್ಷಕರಾದರು. ಸಂನ್ಯಾಸವನ್ನೂ ಸ್ವೀಕರಿಸಿದರು. ಆದರೆ ಕಾವಿಯನ್ನುಟ್ಟವರು ಅರಣ್ಯಕ್ಕೆ ಹೋಗಲಿಲ್ಲ, ಮಠವನ್ನು ಕಟ್ಟಲಿಲ್ಲ, ಪಾಠಶಾಲೆಯಲ್ಲಿಯೇ ಉಳಿದರು.

ಅಂದಿನ ಹೈದರಾಬಾದವು ಎಂಥ ರಾಜ್ಯವಾಗಿದ್ದಿತೆಂಬುದನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗು ಸೀಮೆಯವು, ಐದು ಮರಾಠಿಯವು, ಮೂರು ಕನ್ನಡದವು. ಪ್ರಜೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತೆಲುಗರು, ಕಾಲುಭಾಗ ಮರಾಠಿಗರು. ಕನ್ನಡಿಗರೂ ಉರ್ದು ಮಾತಿನವರೂ ಸುಮಾರು ಎಂಟರಲ್ಲೊಂದು ಪಾಲು. ಆಡಳಿತದ ಭಾಷೆ ಮಾತ್ರ ಉರ್ದು. 1918 ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಯಾದಗಿರಿಯ ರೈತನು ತನ್ನ ಹೊಲದ ಕಾಗದವನ್ನು ತಾನೇ ಓದಿಕೊಳ್ಳಲಾರದೆ ಹೋದನು. ರಾಜಕೀಯ ಸಭೆಗಳಿಗೆ ಅಪ್ಪಣೆ ದೊರೆಯುತ್ತಿರಲಿಲ್ಲ. ಆದುದರಿಂದ ಜನರು ಭಾಷೆಯ ಬಾಗಿಲಿನಿಂದ ಹೊರಗೆ ಬಂದರು. ತೆಲುಗರು ಆಂಧ್ರ ಮಹಾಸಭೆಯನ್ನು, ಮರಾಠಿಗರು ಮಹಾರಾಷ್ಟ್ರ ಪರಿಷತ್ತನ್ನು, ಕನ್ನಡಿಗರು ಕರ್ನಾಟಕ ಪರಿಷತ್ತನ್ನು ಕಟ್ಟಿಕೊಂಡರು. ಸ್ವಾಮಿಗಳು ಸಾರ್ವಜನಿಕ ಜೀವನಕ್ಕೆ ಇಳಿದುದು ಮಹಾರಾಷ್ಟ್ರ ಪರಿಷತ್ತಿನ ಮೂಲಕವೇ.

ಮೂರು ಬಾಗಿಲುಗಳಿಂದ ಬಂದವರನ್ನು ಒಂದೇ ಅಂಗಳದಲ್ಲಿ ಕೂಡಿಸುವ ಯತ್ನವು 1938 ರಲ್ಲಿ ನಡೆಯಿತು. ಅದೇ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸು. ಅದು ವಿಧಿಪೂರ್ವಕವಾಗಿ ಹುಟ್ಟುವ ಮೊದಲೇ ನಿಜಾಮ ಸರಕಾರವು ಅದನ್ನು ನಿಷೇಧಿಸಿತು. ಅಕ್ಟೋಬರ ತಿಂಗಳಲ್ಲಿ ಸತ್ಯಾಗ್ರಹವು ಮೊದಲಾಯಿತು. ಸ್ವಾಮಿಗಳು ಸೆರೆಮನೆಗೆ ಹೋದರು. 1940 ರಲ್ಲಿ ವೈಯಕ್ತಿಕ ಸತ್ಯಾಗ್ರಹವನ್ನು ಹೂಡಿ ಮತ್ತೆ ಬಂಧಿತರಾದರು. ನಿಷೇಧವು ತೊಲಗಿದುದು 1946 ರಲ್ಲಿ. ಹುಟ್ಟದ ಸಂಸ್ಥೆಯೊಂದನ್ನು ಎಂಟು ವರ್ಷಗಳ ಕಾಲ ಜನರ ಮನಸ್ಸಿನಲ್ಲಿ ಬದುಕಿಸಿಟ್ಟವರಲ್ಲಿ ಇವರು ಅಗ್ರಗಣ್ಯರು. 1947 ರ ಜೂನ ತಿಂಗಳಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಅಧಿವೇಶನಕ್ಕೆ ಅವರೇ ಅಧ್ಯಕ್ಷರಾದರು.

ಆಗಸ್ಟ 15 ರಂದು ದೇಶವೆಲ್ಲ ಸ್ವಾತಂತ್ರ್ಯೋತ್ಸವವನ್ನು ಆಚರಿಸುತ್ತಿದ್ದಾಗ ಹೈದರಾಬಾದಿನಲ್ಲಿ ತ್ರಿವರ್ಣ ಧ್ವಜವನ್ನೆತ್ತುವದು ಅಪರಾಧವಾಗಿದ್ದಿತು. ಧ್ವಜವನ್ನೆತ್ತಿದ ಸ್ವಾಮಿಗಳು ಬಂಧಿತರಾದರು. ನಡುವೆ ಬಿಡುಗಡೆಯಾದರೂ 1948 ರ ಜನೇವರಿಯಲ್ಲಿ ಪುನಃ ಸೆರೆಯಾಗಿ, ಸಂಸ್ಥಾನವು ಬೀಳುವವರೆಗೂ ಒಳಗೇ ಇದ್ದರು. ಹೊರಗೆ ರಜಾಕಾರರ ಹಾವಳಿಯು ಮಿತಿಮೀರಿತು. ಬೀದರ ಜಿಲ್ಲೆಯ ಗೋರಟಾ ಗ್ರಾಮದ ಹತ್ಯೆಯನ್ನು ಆ ಸೀಮೆಯು ಇಂದಿಗೂ ಮರೆತಿಲ್ಲ. ಮುಂಡರಗಿ, ಗಜೇಂದ್ರಗಡಗಳ ಗಡಿ ಶಿಬಿರಗಳಿಂದ ಕನ್ನಡದ ತರುಣರು ಹೋರಾಡಿದರು. ಸೆಪ್ಟೆಂಬರ 13 ರಂದು ಭಾರತದ ಸೈನ್ಯವು ಒಳಹೊಕ್ಕಿತು. 17 ರಂದು ನಿಜಾಮರು ಸೋಲನ್ನು ಒಪ್ಪಿದರು.

ಇಲ್ಲಿಗೆ ಕಥೆಯನ್ನು ನಿಲ್ಲಿಸುವದು ಉತ್ಸವದ ಭಾಷಣಕಾರರ ರೂಢಿ. ನಾವು ಹಾಗೆ ನಿಲ್ಲಿಸಲಾರೆವು. ಆ ವಿಜಯದ ಬೆನ್ನಿಗೇ ನಿರಪರಾಧಿಗಳಾದ ಮುಸಲ್ಮಾನ ಪ್ರಜೆಗಳ ಮೇಲೆ ಘೋರವಾದ ಸೇಡು ತೀರಿಸಲ್ಪಟ್ಟಿತು. ಕೇಂದ್ರ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಸತ್ತವರ ಸಂಖ್ಯೆಯನ್ನು 27,000 ದಿಂದ 40,000 ದ ವರೆಗೆ ಅಂದಾಜು ಮಾಡಿತು. ಅತ್ಯಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ನಾಂದೇಡಗಳೊಡನೆ ಬೀದರ, ಗುಲಬರ್ಗೆಗಳನ್ನೂ ಹೆಸರಿಸಿತು. ಆ ವರದಿಯು ಅನೇಕ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಗುರುಮಠಕಲ್ಲು ಅಂದು ಗುಲಬರ್ಗಾ ಜಿಲ್ಲೆಯಲ್ಲಿಯೇ ಇದ್ದಿತು. ಗೋರಟಾದ ಹುತಾತ್ಮರಿಗೆ ತಲೆಬಾಗುವವರು ಈ ಮೃತರಿಗೂ ತಲೆಬಾಗದೆ ಹೋದರೆ ವಿಮೋಚನೆಯೆಂಬ ಶಬ್ದದ ಮಾನವು ಉಳಿಯುವದಿಲ್ಲ. ಸ್ವಾಮಿಗಳ ಹೋರಾಟವು ಒಬ್ಬ ಅರಸನ ನಿರಂಕುಶ ಪ್ರಭುತ್ವದ ವಿರುದ್ಧವಾಗಿದ್ದಿತು, ಒಂದು ಮತದ ವಿರುದ್ಧವಲ್ಲ.

ಸ್ವಾತಂತ್ರ್ಯಾನಂತರ ಸ್ವಾಮಿಗಳು ಮಂತ್ರಿಪದವಿಯನ್ನು ಬಯಸಲಿಲ್ಲ. 1952 ರಲ್ಲಿ ಗುಲಬರ್ಗೆಯ ಕನ್ನಡಿಗರು ಅವರನ್ನು ಲೋಕಸಭೆಗೆ ಆರಿಸಿದರು; 1957 ರಲ್ಲಿ ಔರಂಗಾಬಾದದ ಮರಾಠಿಗರು ಆರಿಸಿದರು. ಈ ನಡುವೆ ಅವರು ಹಿಡಿದ ಹಟವೆಂದರೆ ಹೈದರಾಬಾದ ರಾಜ್ಯವನ್ನು ಭಾಷಾನುಸಾರವಾಗಿ ಮೂರಾಗಿ ವಿಂಗಡಿಸಬೇಕೆಂಬುದು. ತಾವೇ ಒಂದುಗೂಡಿಸಿದ ಜನವನ್ನು ತಾವೇ ಅಗಲಿಸಲು ಹೊರಟರೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವದಿಲ್ಲ. ಪ್ರಜೆಗೆ ತಿಳಿಯದ ಭಾಷೆಯಲ್ಲಿ ನಡೆಯುವ ರಾಜ್ಯವು ಪ್ರಜಾರಾಜ್ಯವಾಗಲಾರದೆಂಬ ಅನುಭವವು ಆ ಸೀಮೆಯದಾಗಿದ್ದಿತು. ನಿಜಾಮಶಾಹಿಯನ್ನು ಕೆಡವಿದ ಹೋರಾಟದ ಉಳಿದರ್ಧವೇ ಭಾಷಾವಾರು ಪ್ರಾಂತ. ಆ ದೃಷ್ಟಿಯಿಂದ ಸೆಪ್ಟೆಂಬರ 17 ಬೇರು, ನವೆಂಬರ 1 ಫಲ.

ಆದರೆ ಗೆರೆಯು ಭೂಪಟದಲ್ಲಿ ನೇರವಾಗಿ ಬಿದ್ದಷ್ಟು ಜನಜೀವನದಲ್ಲಿ ಬೀಳುವದಿಲ್ಲ. 1956 ರಲ್ಲಿ ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬರುವಾಗ ಕೊಡಂಗಲ್ಲು, ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರಗಳು ಹೋದವು. ಒಂದೇ ಜಿಲ್ಲಾ ಕಚೇರಿಗೆ ಅಲೆಯುತ್ತಿದ್ದ ನೆರೆಹೊರೆಯವರು ಎರಡು ರಾಜ್ಯಗಳ ಪ್ರಜೆಗಳಾದರು. ಗೆರೆಯ ಈಚೆಗೆ ತೆಲುಗು ಮನೆಗಳು ಉಳಿದವು, ಆಚೆಗೆ ಕನ್ನಡದ ಮನೆಗಳು ಉಳಿದವು. ಬೀಗತನವೂ ಸಂತೆಯೂ ನಿಲ್ಲಲಿಲ್ಲ. ಇಂದು ಒಂದೇ ಸೆಪ್ಟೆಂಬರ 17 ಕ್ಕೆ ಹಲವು ಹೆಸರುಗಳು: ಮಹಾರಾಷ್ಟ್ರದಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ, ನಮ್ಮಲ್ಲಿ 2019 ರಿಂದ ಕಲ್ಯಾಣ ಕರ್ನಾಟಕ ಉತ್ಸವ, ತೆಲಂಗಾಣದಲ್ಲಿ 2022 ರಲ್ಲಿ ಏಕತೆಯ ದಿನ, 2024 ರಲ್ಲಿ ಪ್ರಜಾಪಾಲನೆಯ ದಿನ, ಕೇಂದ್ರ ಸರಕಾರದ ಪ್ರಕಟಣೆಯಲ್ಲಿ ಹೈದರಾಬಾದ ವಿಮೋಚನಾ ದಿನ. ಹೆಸರುಗಳ ಈ ಜಗ್ಗಾಟದಲ್ಲಿ ಮೂರು ಸೀಮೆಗಳ ಜನರು ಒಂದೇ ಸೆರೆಮನೆಯ ಗಂಜಿಯನ್ನು ಕುಡಿದುದು ಮರೆಯಾಗಬಾರದು.

1972 ರ ಜನೇವರಿ 22 ರಂದು ಸ್ವಾಮಿಗಳು ಹೈದರಾಬಾದಿನಲ್ಲಿ ದೇಹವಿಟ್ಟರು. ಅವರ ಸಮಾಧಿಯು ಅಲ್ಲಿಯ ಬೇಗಂಪೇಟೆಯಲ್ಲಿರುವದು. ನಾಂದೇಡದ ವಿಶ್ವವಿದ್ಯಾಲಯವು ಅವರ ಹೆಸರನ್ನು ಹೊತ್ತಿರುವದು. ಹುಟ್ಟಿದುದು ಕನ್ನಡ ನಾಡಿನಲ್ಲಿ, ಕಲಿತು ಕಲಿಸಿದುದು ಮರಾಠಿ ಸೀಮೆಯಲ್ಲಿ, ಮಣ್ಣಾದುದು ತೆಲುಗು ನೆಲದಲ್ಲಿ. ಅವರನ್ನು ಯಾವ ಸೀಮೆಯೂ ತನ್ನೊಬ್ಬಳದೇ ಸ್ವತ್ತೆಂದು ಹೇಳಲಾರದು. ಯಾವ ಸೀಮೆಯೂ ತನ್ನವರಲ್ಲವೆಂದು ಬಿಡಲಾರದು.

ಗಡಿನಾಡಿನ ಬಂಧುಗಳಿಗೆ ನಮ್ಮ ಬಿನ್ನಹವಿಷ್ಟು. ಕನ್ನಡದ ಬಾವುಟವು ನವೆಂಬರದಲ್ಲಿ ಗುರುಮಠಕಲ್ಲಿನ ಮೇಲೆ ಎತ್ತರವಾಗಿ ಹಾರಲಿ. ಶಾಲೆಯಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಕನ್ನಡವು ಬಡವನಿಗೆ ಉಪಯೋಗವಾಗುವಂತೆ ನಡೆಯಲಿ. ಅದಿಲ್ಲದ ಉತ್ಸವವು ಬರಿಯ ಮೆರವಣಿಗೆ. ಅದರೊಡನೆ ತೆಲುಗು ಮಾತನಾಡುವ ನೆರೆಯವನಿಗೂ, ಉರ್ದು ಮಾತನಾಡುವ ಅಂಗಡಿಕಾರನಿಗೂ, ತಾಂಡೆಯ ತಾಯಿಗೂ ಹಬ್ಬದ ಚಪ್ಪರದ ಕೆಳಗೆ ಮುಂದಿನ ಸಾಲಿನಲ್ಲಿ ಸ್ಥಳವಿರಲಿ. ತನ್ನ ನುಡಿಗಾಗಿ ಸೆರೆಮನೆ ಕಂಡ ಜನಕ್ಕೆ ಇನ್ನೊಬ್ಬರ ನುಡಿಯ ಬೆಲೆಯು ಇತರರಿಗಿಂತ ಹೆಚ್ಚು ತಿಳಿದಿರಬೇಕು. ಅದನ್ನು ನಡತೆಯಲ್ಲಿ ತೋರಿಸುವದೇ ಸ್ವಾಮಿ ರಾಮಾನಂದ ತೀರ್ಥರಿಗೆ ಸಲ್ಲಬೇಕಾದ ಪೂಜೆ.