ಸಲೀಂ ಅಲಿ: ಸಂಬಳವಿಲ್ಲದೆ ಹಕ್ಕಿಗಳ ಬೆನ್ನುಹತ್ತಿದವರು, ಬಹುಮಾನದ ಹಣವನ್ನು ನಿಧಿಯಾಗಿಸಿದರು

ನವಿ ಮುಂಬೈನ ಸೀವುಡ್ಸ್‌ನಲ್ಲಿ ಚಳಿಗಾಲ ಬಂತೆಂದರೆ ಅಪಾರ್ಟ್‌ಮೆಂಟ್‌ಗಳ ಹಿಂದಿನ ಜೌಗು ನೆಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಥಾಣೆ ಕ್ರೀಕ್‌ಗೆ ಬರುವ ಸಾವಿರಾರು ಫ್ಲೆಮಿಂಗೋಗಳು ಭರತದ ಹೊತ್ತಿಗೆ ಇಲ್ಲಿಗೆ ಬಂದು ನಿಲ್ಲುತ್ತವೆ. ಅವುಗಳ ಕಾಲಿಗೆ ಉಂಗುರ ತೊಡಿಸಿ, ಟ್ಯಾಗ್ ಅಳವಡಿಸಿ ಅಧ್ಯಯನ ಮಾಡುತ್ತಿರುವುದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ (ಬಿಎನ್‌ಎಚ್‌ಎಸ್). ಈ ಸಂಸ್ಥೆಯಲ್ಲಿ ಯುವ ಸಂಶೋಧಕರಿಗೆ ದಾರಿ ಮಾಡಿಕೊಟ್ಟ ಸಲೀಂ ಅಲಿ, ತಮ್ಮ ಯೌವನದಲ್ಲಿ ಕೆಲಸವೇ ಇಲ್ಲದೆ ಕುಳಿತಿದ್ದರು.

ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈನಲ್ಲಿ. ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಬಾಲ್ಯದಲ್ಲಿ ತಾವೇ ಹೊಡೆದುರುಳಿಸಿದ ಹಳದಿ ಕತ್ತಿನ ಗುಬ್ಬಚ್ಚಿಯ ಹೆಸರು ತಿಳಿಯಲು ಬಿಎನ್‌ಎಚ್‌ಎಸ್ ಮೆಟ್ಟಿಲು ಹತ್ತಿದ್ದೇ ಬದುಕಿನ ತಿರುವು.

ಪದವಿ ಇಲ್ಲ, ಕೆಲಸವೂ ಇಲ್ಲ

ಪದವಿ ಇಲ್ಲದ ಕಾರಣ ಸರ್ಕಾರಿ ಪ್ರಾಣಿವಿಜ್ಞಾನ ಸಂಸ್ಥೆಯ ಹುದ್ದೆ ಕೈತಪ್ಪಿತು. 1926ರಲ್ಲಿ ಮುಂಬೈನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಮಾರ್ಗದರ್ಶಿ ಉಪನ್ಯಾಸಕರಾದರು. ರಜೆ ಪಡೆದು ಬರ್ಲಿನ್‌ಗೆ ಹೋಗಿ ಪಕ್ಷಿತಜ್ಞ ಎರ್ವಿನ್ ಸ್ಟ್ರೆಸೆಮನ್ ಬಳಿ ಕಲಿತರು. 1930ರಲ್ಲಿ ಮರಳಿದಾಗ ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದುಪಡಿಸಲಾಗಿತ್ತು.

ಪತ್ನಿ ತೆಹ್ಮೀನಾ ಜತೆ ಅಲಿಬಾಗ್ ಸಮೀಪದ ಕಿಹಿಮ್ ಹಳ್ಳಿಗೆ ಹೋದರು. ಅಲ್ಲಿ ಗೀಜಗದ ಗೂಡುಗಳನ್ನು ದಿನವಿಡೀ ಗಮನಿಸಿ ಬರೆದ ಪ್ರಬಂಧ ಅವರಿಗೆ ಹೆಸರು ತಂದಿತು. ಆದರೆ ಹೆಸರಿನಿಂದ ಸಂಬಳ ಬರಲಿಲ್ಲ. ಕೊನೆಗೆ ಸಲೀಂ ಅಲಿ ತಾವೇ ಒಂದು ದಾರಿ ಹುಡುಕಿದರು: ಕ್ಯಾಂಪ್ ಖರ್ಚು ಕೊಟ್ಟರೆ ಸಾಕು, ಸಂಬಳವಿಲ್ಲದೆ ಪಕ್ಷಿ ಸಮೀಕ್ಷೆ ಮಾಡಿಕೊಡುವುದು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಸಮೀಕ್ಷೆಗಳು ನಡೆದದ್ದು ಹೀಗೆಯೇ.

ಮೈಸೂರಿನ ನಂಟು

1939ರಲ್ಲಿ ತೆಹ್ಮೀನಾ ತೀರಿಕೊಂಡರು. ಆ ದುಃಖದ ನಡುವೆಯೇ ಸಲೀಂ ಅಲಿ ಮೈಸೂರು ಸಂಸ್ಥಾನದ ಸಮೀಕ್ಷೆ ಕೈಗೊಂಡರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳನ್ನು ಕಂಡು, ಅವುಗಳಿಗೆ ರಕ್ಷಣೆ ಬೇಕೆಂದು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಇಂದು ಸೀವುಡ್ಸ್‌ನವರು ನೋಡುವ ಫ್ಲೆಮಿಂಗೋಗಳ ಬೆನ್ನನ್ನೂ ಅವರು ಹತ್ತಿದ್ದರು. 1945ರಲ್ಲಿ ಕಚ್ಛ್‌ನ ದೊಡ್ಡ ರಣ್‌ನಲ್ಲಿ ಆ ಹಕ್ಕಿಗಳು ಲಕ್ಷಗಟ್ಟಲೆ ಸೇರಿ ಮರಿ ಮಾಡುವ ತಾಣಕ್ಕೆ ಹೋಗಿ ವರದಿ ಬರೆದರು.

ಮುಂದಿನವರಿಗಾಗಿ

ಸ್ವಾತಂತ್ರ್ಯಾನಂತರ ಬಿಎನ್‌ಎಚ್‌ಎಸ್ ಹಣವಿಲ್ಲದೆ ಸೊರಗಿದಾಗ ಪ್ರಧಾನಿ ನೆಹರೂ ಅವರಿಗೆ ಪತ್ರ ಬರೆದು ನೆರವು ಪಡೆದರು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ವಲಸೆ ಹಕ್ಕಿಗಳ ಉಣ್ಣೆಗಳಿಂದ ರೋಗಾಣು ಬಂದಿರಬಹುದೇ ಎಂಬ ಶಂಕೆ ಎದ್ದಾಗ ವಿಶ್ವ ಆರೋಗ್ಯ ಸಂಸ್ಥೆ ಅಧ್ಯಯನಕ್ಕೆ ಹಣ ಕೊಟ್ಟಿತು. ಹಕ್ಕಿಗಳಿಗೆ ಉಂಗುರ ತೊಡಿಸುವ ಆ ಯೋಜನೆಯಲ್ಲಿ ಅನೇಕ ಯುವಕರು ಪಳಗಿದರು. ಸ್ವತಃ ಪದವಿ ಇಲ್ಲದ ಸಲೀಂ ಅಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾದರು.

1970ರ ದಶಕದಲ್ಲಿ ಜೆ. ಪಾಲ್ ಗೆಟ್ಟಿ ವನ್ಯಜೀವಿ ಸಂರಕ್ಷಣಾ ಪ್ರಶಸ್ತಿಯ 50,000 ಡಾಲರ್ ಕೈಸೇರಿತು. ಆಗ ಅವರಿಗೆ 80ರ ಹತ್ತಿರದ ವಯಸ್ಸು. ಆ ಹಣವನ್ನು ಬಿಎನ್‌ಎಚ್‌ಎಸ್‌ಗೆ ಕೊಟ್ಟು ಸಂರಕ್ಷಣಾ ನಿಧಿ ಸ್ಥಾಪಿಸಿದರು. ಹಿಂದೆ ಅವರ ಯಾತ್ರೆಗಳಿಗೆ ಹಣ ಕೊಟ್ಟಿದ್ದ ಗೆಳೆಯ ಲೋಕ್ ವಾನ್ ಥೋ ಹೆಸರಿನ ಜತೆ ಅವರ ಹೆಸರೂ ಸೇರಿದ ಪಕ್ಷಿ ಸಂಶೋಧನಾ ನಿಧಿಯೂ ಹುಟ್ಟಿಕೊಂಡಿತು.

ಪದ್ಮವಿಭೂಷಣ, ರಾಜ್ಯಸಭೆ ಸದಸ್ಯತ್ವ ಎಲ್ಲವೂ ಒಲಿದವು. 1987ರ ಜೂನ್ 20ರಂದು ಮುಂಬೈನಲ್ಲಿ ಸಲೀಂ ಅಲಿ ಕೊನೆಯುಸಿರೆಳೆದರು.

ಸೀವುಡ್ಸ್‌ನ ಜೌಗು ಉಳಿಯಬೇಕೆಂದು ಸ್ಥಳೀಯರು ಇಂದಿಗೂ ದನಿ ಎತ್ತುತ್ತಿದ್ದಾರೆ. ಆ ದನಿಗೆ ಬಲ ಬರುವುದು ಕೆಸರಿನಲ್ಲಿ ನಿಂತು ಹಕ್ಕಿ ಎಣಿಸುವವರ ಲೆಕ್ಕದಿಂದ. ಎಣಿಸುವವರ ಊಟಕ್ಕೂ ದಾರಿ ಬೇಕು ಎಂಬುದನ್ನು ಸಲೀಂ ಅಲಿ ಅನುಭವದಿಂದಲೇ ಬಲ್ಲವರಾಗಿದ್ದರು.