ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸುಳ್ಯ, ಪುತ್ತೂರಿನ ಮರುವಸತಿ ಕುಟುಂಬಗಳು

ಭಾರತದ ಎರಡನೆಯ ಪ್ರಧಾನಮಂತ್ರಿಗಳಾದ ಶ್ರೀ ಲಾಲ್ ಬಹದ್ದೂರ್ ಶಾಸ್ತ್ರಿಯವರು ದಿನಾಂಕ 2-10-1904ರಂದು ಮುಘಲ್‌ಸರಾಯ್‌ನಲ್ಲಿ ಜನಿಸಿದರು. ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ತಾಯಿಯ ತವರಿನ ಆಶ್ರಯದಲ್ಲಿ ಬೆಳೆದರು. ಕಾಶಿ ವಿದ್ಯಾಪೀಠದಲ್ಲಿ ಶಾಸ್ತ್ರಿ ಪದವಿ ಪಡೆದು, ಸ್ವಾತಂತ್ರ್ಯ ಚಳವಳಿಯಲ್ಲಿ ಹಲವು ಬಾರಿ ಸೆರೆವಾಸ ಅನುಭವಿಸಿದರು. ರೈಲ್ವೆ ಸಚಿವರಾಗಿದ್ದಾಗ 1956ರ ಅರಿಯಲೂರು ಅಪಘಾತದ ಹೊಣೆ ಹೊತ್ತು ರಾಜೀನಾಮೆ ನೀಡಿದರು.

1964ರ ಜೂನ್‌ನಲ್ಲಿ ಅವರು ಪ್ರಧಾನಿಯಾದರು. ಸಿಲೋನಿನ 1948ರ ಪೌರತ್ವ ಕಾಯಿದೆಯಿಂದಾಗಿ ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದ ಭಾರತೀಯ ಮೂಲದ ತಮಿಳರಲ್ಲಿ ಬಹುತೇಕರು ಯಾವ ದೇಶದ ಪ್ರಜೆಗಳೂ ಆಗಿರಲಿಲ್ಲ. ದಿನಾಂಕ 30-10-1964ರಂದು ಶಾಸ್ತ್ರಿಯವರು ಶ್ರೀಮತಿ ಸಿರಿಮಾವೊ ಬಂಡಾರನಾಯಕೆ ಅವರೊಡನೆ ಒಪ್ಪಂದ ಮಾಡಿಕೊಂಡು, 5,25,000 ಮಂದಿಯನ್ನು ಭಾರತವು ಸ್ವೀಕರಿಸಲು ಸಮ್ಮತಿಸಿದರು. ಆದರೆ ಆ ಕಾರ್ಮಿಕರ ಪ್ರತಿನಿಧಿಗಳ ಅಭಿಪ್ರಾಯವನ್ನು ಪಡೆದಿರಲಿಲ್ಲ. ಒಪ್ಪಂದವು ಪೂರ್ಣವಾಗಿ ಜಾರಿಯಾಗುವ ಮುನ್ನವೇ, ದಿನಾಂಕ 11-1-1966ರಂದು ಅವರು ತಾಷ್ಕೆಂಟ್‌ನಲ್ಲಿ ನಿಧನರಾದರು.

ಒಪ್ಪಂದದನ್ವಯ ಬಂದ ಕುಟುಂಬಗಳ ಪೈಕಿ ಕೆಲವಕ್ಕೆ ಪುತ್ತೂರು, ಸುಳ್ಯ ಹಾಗೂ ಈಗಿನ ಕಡಬ ತಾಲ್ಲೂಕಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಕೆಲಸ ಮತ್ತು ವಸತಿ ದೊರೆಯಿತು. 1983ರಲ್ಲಿ ಆರಂಭವಾದ ಅಂತರ್ಯುದ್ಧದ ಕಾರಣ 1984ರಲ್ಲಿ ರಾಮೇಶ್ವರ–ತಲೈಮನ್ನಾರ್ ಹಡಗು ಸಂಚಾರ ನಿಂತಿತು. ಸರದಿ ಕಾಯುತ್ತಿದ್ದವರು ಅಲ್ಲಿಯೇ ಉಳಿದರು.

ಒಪ್ಪಂದವು ಈ ಕುಟುಂಬಗಳಿಗೆ ಪೌರತ್ವ ನೀಡಿತು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಆಡುತ್ತ ಬೆಳೆದ ಮಕ್ಕಳಿಗೆ ಶಿಕ್ಷಣ, ಸ್ವಂತ ಸೂರು ಹಾಗೂ ಜಾತಿ ಪ್ರಮಾಣಪತ್ರಗಳು ಅಷ್ಟು ಸುಲಭವಾಗಿ ಒದಗಲಿಲ್ಲ. ಇವರು ನಿರಾಶ್ರಿತರಲ್ಲ, ಈ ದೇಶದ ಪ್ರಜೆಗಳು ಎಂಬುದನ್ನು ಎಲ್ಲರೂ ಅರಿಯುವುದು ಅವಶ್ಯಕವಾಗಿದೆ.